ಎರಡು ಬೆರಳಿನ ಎತ್ತರ

ಓಣಿಯವರೆಲ್ಲ ಅವನನ್ನು ಟ್ರಯಲ್ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಬೇರೆ ಟೈಲರುಗಳು ಅಳತೆ ತೆಗೆದು, ಹೊಲಿದು ಕೊಟ್ಟು ಕೈತೊಳೆದುಕೊಂಡರೆ, ಇವನು ಕಚ್ಚಾ ಹೊಲಿಗೆ ಹಾಕಿ ಮೈಮೇಲಿಟ್ಟು ನೋಡುವನು, ಬಿಚ್ಚುವನು, ಮತ್ತೆ ಬರಹೇಳುವನು. ಮದುವೆಗೆಂದು ಕೋಟು ಹೊಲಿಯಲು ಕೊಟ್ಟವನೊಬ್ಬ ಮಗುವನ್ನು ಎತ್ತಿಕೊಂಡು ಬಂದು ಒಯ್ದನಂತೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನು ಅದಕ್ಕೆಲ್ಲ ಸೊಪ್ಪು ಹಾಕಿದವನಲ್ಲ. ಇಷ್ಟು ವರ್ಷವಾದರೂ ಬಟ್ಟೆಗೆ ಕತ್ತರಿ ಹಾಕುವಾಗ ಅವನ ಎದೆ ಡವಡವ ಎನ್ನುತ್ತಿತ್ತು.

ಹೆಂಡತಿಯ ಬೆನ್ನುಮೂಳೆಯಲ್ಲಿ ಗಡ್ಡೆಯಿದೆ, ಇನ್ನು ಮದ್ದು ನೋವಿಗೆ ಮಾತ್ರ ಎಂದು ಡಾಕ್ಟರು ಹೇಳಿದ ದಿನ ಅವಳು ಅಳಲಿಲ್ಲ. "ಒಂದ್ಸಲ ತಂಗಿ ಮನೆಗೆ ಹೋಗಿ ಬರ್ಬೇಕು ಕಣ್ರೀ" ಎಂದಳು. ಅಷ್ಟೇ ಅವಳ ಆಸೆ. ತಂಗಿಯ ಊರು ಅರ್ಧ ದಿನದ ದಾರಿ. ತಂಗಿಗೆ ಮಂಡಿ ಹೋಗಿ ಬಸ್ಸು ಹತ್ತಲಾಗದು, ಇವಳಿಗೆ ಬಸ್ಸಿನಲ್ಲಿ ಕೂರಲಾಗದು. ಹೀಗಾಗಿ ಅಕ್ಕತಂಗಿಯರು ಮುಖ ನೋಡಿ ವರ್ಷಗಳೇ ಆಗಿದ್ದವು. ಬಾಡಿಗೆ ಕಾರಿನವನು ಇವಳು ನರಳಿದಾಗಲೆಲ್ಲ ನಿಲ್ಲಿಸುತ್ತಾನೆಯೇ? ಮಗಳು ಬೇಕರಿಯ ವ್ಯಾನು ಓಡಿಸುವವಳು. "ಒಂದು ಹಳೇ ಚಿಕ್ಕ ಕಾರು ತಗೊಂಡ್ಬಿಡೋಣ ಅಪ್ಪಾ, ಆಸ್ಪತ್ರೆಗೂ ಆಗತ್ತೆ. ನಾನೇ ಓಡಿಸ್ತೀನಿ" ಎಂದಳು.

ಹಳೇ ಕಾರು ಮಾರುವ ದಲ್ಲಾಳಿಯ ಬಳಿ ಒಂದೇ ಕಂಪನಿಯ, ಒಂದೇ ಹೆಸರಿನ ಎರಡು ಕಾರುಗಳಿದ್ದವು. ಒಂದು ಹದಿನಾಲ್ಕರ ಮಾಡೆಲ್, ಇನ್ನೊಂದು ಹದಿನೇಳರದು. ನಡುವಿನ ವರ್ಷಗಳಲ್ಲಿ ಕಂಪನಿಯವರು ಅದರ ರೂಪವನ್ನೇ ಬದಲಿಸಿದ್ದರು. ಮಗಳ ಮನಸ್ಸು ಹದಿನೇಳರ ಮೇಲೆ. ಬಾಗಿಲು ಅಗಲ ತೆರೆಯುತ್ತಿತ್ತು, ಗುಂಡಿಗೆ ಇಳಿದರೂ ಗಾಡಿ ಕುಲುಕುತ್ತಿರಲಿಲ್ಲ. ಮಾಸ್ಟರ್ ಕೊರಳಲ್ಲಿದ್ದ ಟೇಪು ತೆಗೆದು ನೆಲದಿಂದ ಸೀಟಿನವರೆಗೆ ಅಳೆದ. ಹದಿನಾಲ್ಕರ ಸೀಟು ಹದಿನೇಳರದಕ್ಕಿಂತ ಎರಡು ಬೆರಳು ಎತ್ತರವಿತ್ತು. ಕೂತೇಳುವಾಗ ಜೀವ ಹೋಗುವ ಸೊಂಟಕ್ಕೆ ಆ ಎರಡು ಬೆರಳೇ ದೊಡ್ಡದು.

"ಏನ್ ಮಾಸ್ಟ್ರೇ, ಕಾರಿಗೆ ಪ್ಯಾಂಟು ಹೊಲೀತೀರಾ?" ಎಂದು ದಲ್ಲಾಳಿ ನಕ್ಕ.

"ಟ್ರಯಲ್ ನೋಡಿ ಹೇಳ್ತೀನಿ" ಎಂದು ಮಾಸ್ಟರ್ ಮನೆಗೆ ಬಂದ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೋಟಿನ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಹಾಸಿ, ಟೇಪು ಹಿಡಿದು ಎತ್ತರ ಸರಿಮಾಡಿದ. ಒಂದು ತುದಿ ಹದಿನಾಲ್ಕರ ಸೀಟು, ಇನ್ನೊಂದು ತುದಿ ಹದಿನೇಳರದು. ಹೆಂಡತಿಯ ರಟ್ಟೆ ಹಿಡಿದು ಕರೆತಂದ.

"ಇಷ್ಟು ವರ್ಷ ನಿಮ್ಜೊತೆ ಬಾಳಿದೀನಿ, ಈಗ ನನಗೂ ಟ್ರಯಲ್ಲಾ?" ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನೋವಾಗಿ ತುಟಿ ಕಚ್ಚಿದಳು. ಹದಿನಾಲ್ಕರ ಮೇಲೆ ಕೂತು, "ಇದು ಹಾಯಾಗಿದೆ" ಎಂದಳು. ವಾರ ಕಳೆಯುವಷ್ಟರಲ್ಲಿ ಕಾಲು ಜೋತುಬಿಟ್ಟರೆ ಜೋಮು ಹಿಡಿಯತೊಡಗಿತು. ಆಗ ಹದಿನೇಳೇ ಮೇಲೆನಿಸಿತು. ಮತ್ತೆರಡು ದಿನಕ್ಕೆ ಅಲ್ಲಿಂದ ಏಳಲಾಗಲಿಲ್ಲ. ಅವನು ಒಂದು ಮಡಿಕೆ ತೆಗೆದ, ಒಂದು ಸೇರಿಸಿದ.

"ಎರಡ್ರಲ್ಲಿ ಯಾವ್ದಾದ್ರೂ ಆಗತ್ತೆ ರೀ, ತಂದ್ಬಿಡಿ."

"ಇನ್ನೊಂದೇ ಒಂದ್ಸಲ ನೋಡ್ಬಿಡೋಣ."

ಎರಡು ಬೆರಳಿಗೆ ಇಷ್ಟು ಮೀನಮೇಷ ಯಾರಾದರೂ ಎಣಿಸುತ್ತಾರೆಯೇ? ಅಸಲು ಸಂಗತಿ ಬೇರೆಯೇ ಇತ್ತು. ಕಾರು ಬಂದರೆ ಅವಳು ತಂಗಿಯನ್ನು ನೋಡಿ ಬರುತ್ತಾಳೆ. ನೋಡಿ ಬಂದ ಮೇಲೆ ಅವಳಿಗೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಟ್ರಯಲ್ ನಡೆಯುತ್ತಿರುವಷ್ಟು ದಿನ ಅವಳು ಎಲ್ಲಿಗೂ ಹೋಗಲಾರಳು ಎಂದು ಆ ಹುಚ್ಚ ನಂಬಿದ್ದ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮಗಳಾದರೂ ಬೈದು ಬುದ್ಧಿ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಅವಳನ್ನು ಎಬ್ಬಿಸಿ ಕೂರಿಸಲು ಹೋದರೆ ಬೆನ್ನು ನಿಲ್ಲಲೇ ಇಲ್ಲ. ಅವನು ಟೇಪು ಹುಡುಕಿ ತಂದ. ಮಗಳು ಅದನ್ನು ಕೈಯಿಂದ ಕಿತ್ತುಕೊಂಡಳು. "ಇನ್ನೇನು ಅಳೀತೀಯಪ್ಪಾ? ಅಮ್ಮ ಇನ್ನು ಕೂರೋದೇ ಇಲ್ಲ!"

ಆಮೇಲೆ ಅವಳು ಬಹಳ ದಿನ ಉಳಿಯಲಿಲ್ಲ.

ಸುದ್ದಿ ಕೇಳಿ ತಂಗಿ ಬಂದಳು. ಬಸ್ಸಿನಿಂದ ಇಬ್ಬರು ಎತ್ತಿ ಇಳಿಸಬೇಕಾಯಿತಂತೆ. ಎಲ್ಲ ಮುಗಿದು ಜನ ಕರಗಿದ ಮೇಲೆ, ಮಗಳು ಚಿಕ್ಕಮ್ಮನ ಕೈಹಿಡಿದು ಮುಂದಿನ ಕೋಣೆಗೆ ತಂದು ಬೆಂಚಿನ ಮೇಲೆ ಕೂರಿಸಿದಳು. ಹದಿನಾಲ್ಕರ ತುದಿಯಲ್ಲಿ. ಬಟ್ಟೆಯ ಮಡಿಕೆಗಳನ್ನು ಯಾರೂ ತೆಗೆದಿರಲಿಲ್ಲ.

"ಇಲ್ಲಿ ಕೂತ್ರೆ ಮಂಡಿಗೆ ನೋವೇ ಗೊತ್ತಾಗಲ್ಲ ಭಾವ" ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಕಾಯಿಲೆ ಅಂತ ಗೊತ್ತಾದಾಗ್ಲೇ ನಾನು ಹೊರಟು ನಿಂತಿದ್ದೆ. ಅಕ್ಕನೇ ಬೇಡ ಅಂದ್ಲು. ಆ ಮಂಡಿ ಇಟ್ಕೊಂಡು ಒದ್ದಾಡ್ಬೇಡ, ನಿಮ್ಮ ಭಾವ ಕಾರು ನೋಡ್ತಿದಾರೆ, ನಾನೇ ಬರ್ತೀನಿ ಅಂದ್ಲು. ಫೋನ್ ಮಾಡಿದಾಗೆಲ್ಲ ಅದೇ ಮಾತು."

ಮಾಸ್ಟರ್ ಗೋಡೆಗೆ ಒರಗಿದ.

"ಕೊನೇ ಸಲ ಮಾತಾಡಿದಾಗ ಎಷ್ಟು ಖುಷಿಯಾಗಿದ್ಲು ಗೊತ್ತಾ? ಕಾರು ಬಂತು ಕಣೇ, ಸೀಟು ನನ್ನ ಅಳತೆಗೇ ಮಾಡಿಸಿದಾರೆ, ನನಗೆ ಒಂಚೂರೂ ನೋವಾಗಲ್ಲ ಅಂದ್ಲು. ಅದನ್ನ ಒಂದ್ಸಲ ನೋಡ್ಬೇಕು ಭಾವ. ಎಲ್ಲಿ ನಿಲ್ಸಿದೀರಿ?"

ಮಗಳು ಮುಖ ತಿರುಗಿಸಿಕೊಂಡಳು. ಮಾಸ್ಟರ್ ಮೆಲ್ಲನೆ ಬಂದು ಬೆಂಚಿನ ಮುಂದೆ ನೆಲದ ಮೇಲೆ ಕುಸಿದು ಕೂತ. ಹೆಂಡತಿಯ ಭಾರಕ್ಕೆ ಒತ್ತಿಹೋಗಿದ್ದ ಮಡಿಕೆಗಳ ಅಂಚನ್ನು ಬೆರಳಿನಿಂದ ಸವರಿದ.

"ನೀನು ಕೂತಿದೀಯಲ್ಲಮ್ಮ, ಅದೇ" ಎಂದ.