ಮಾಲ್ಟಾದ ಒಂದೇ ಒಂದು ವೋಟು

ಎಲ್ಲಿಂದ ಶುರುಮಾಡಲಿ? ಸಮುದ್ರದಿಂದ ಶುರುಮಾಡಿ ಹೊಡೆದುಹಾಕಿದೆ. ದ್ವೀಪದವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ. ವ್ಯಾಲೆಟ್ಟಾದ ಮಂತ್ರಾಲಯದಿಂದ ಶುರುಮಾಡಿದೆ. ನನಗೇ ನಿದ್ದೆ ಬಂತು. ಹಾಗಾಗಿ ಬಾದಾಮಿ ತೇಲುವ ಚಹಾದಿಂದ ಶುರುವಾಗಲಿ.

ಊರು: ಎದುರು ದಡದ ಅರಬ್ ರಾಜಧಾನಿ. (ಹೆಸರು ಹೇಳಿದರೆ ಎರಡೂ ಸರ್ಕಾರಗಳಿಂದ ನನಗೆ ಫೋನ್ ಬರುತ್ತದೆ.) ಅಲ್ಲಿ ಮಾಲ್ಟಾದ ರಾಯಭಾರ ಕಚೇರಿ ಎಂದರೆ ನಾವಿಬ್ಬರೇ: ರಾಯಭಾರಿ ಜೋರ್ಜಿನಾ ಶಿಕ್ಲೂನಾ, ಕಾರ್ಯದರ್ಶಿ ಸಾಲ್ವು, ಅಂದರೆ ನಾನು.

ಲಂಪುಕಿ ಮೀನಿನ ಬೆನ್ನುಹತ್ತಿದ ನಮ್ಮ ದೋಣಿಯೊಂದು ನೀರಿನ ಗಡಿ ದಾಟಿತ್ತು. ದೋಣಿ ಬಂದರಿನಲ್ಲಿ, ಮೀನುಗಾರರು ಕಾವಲಿನಲ್ಲಿ. ಅವರನ್ನು ಬಿಡಿಸಲು ನಾವು ಹೆದಿ ಝುವಾರಿ ಎಂಬ ಅಧಿಕಾರಿಯ ಎದುರು ಆ ಬಾದಾಮಿ ಚಹಾ ಹಿಡಿದು ಕೂತಿದ್ದೆವು. ಆತ ದುಭಾಷಿಯನ್ನು ಹೊರಗೆ ಕಳಿಸಿದರು. (ನಮ್ಮ ಮಾಲ್ಟೀಸ್ ಹುಟ್ಟಿದ್ದೇ ಅವರ ಅರಬ್ಬಿಯಿಂದ.)

"ನಿಮ್ಮ ಭಾಷೇಲೇ ಮಾತಾಡಿ ಅಕ್ಕಾ. ನಮ್ಮಜ್ಜಿ ನಿದ್ದೇಲಿ ಮಾತಾಡ್ದಂಗೆ ಕೇಳ್ಸತ್ತೆ. ಅರ್ಧ ತಿಳಿಯತ್ತೆ, ಅರ್ಧ ಊಹೆ."

"ಸದ್ಯ, ಅಜ್ಜಿ ಗದರಿದಂಗೆ ಕೇಳ್ಸಲ್ವಲ್ಲ," ಎಂದರು ಜೋರ್ಜಿನಾ.

ಕೋಣೆ ಮೆಲ್ಲಗೆ ಲಂಗರು ಬಿಚ್ಚಿದಂತಾಯಿತು. (ಸಮುದ್ರ ಮತ್ತೆ ನುಸುಳಿತು. ಕ್ಷಮಿಸಿ.)

"ನಮ್ಮ ಮಂತ್ರಿಗಳಿಗೆ ನಿಮ್ಮ ವೋಟು ಬೇಕಂತೆ," ಎಂದರು ಹೆದಿ. "ಯುರೋಪಿನ ಸಭೇಲಿ ಎಲ್ಲರೂ ಒಪ್ಪಲೇಬೇಕಾದ ವಿಷಯ ಬಂದ್ರೆ ನೀವೂ ಜರ್ಮನಿಯಷ್ಟೇ ದೊಡ್ಡೋರು. ಅದು ಹಾಗಿರ್ಲಿ. ನನಗೆ ಬೇಕಾಗಿರೋದು ಒಂದು ಕಬರ್."

"ನಾವು ಅಬರ್ ಅಂತೀವಿ. ಯಾರ ಗೋರಿ?"

"ನನ್ನ ತಂಗಿ ಮಗ ಯಾಸೀನ್‌ದು. ಕಳ್ಳದೋಣಿ ಹತ್ತಿ ಹೋದ. ಹೆಣ ನಿಮ್ಮ ದಡ ಸೇರ್ತಂತೆ. ಹೆಸರಿಲ್ಲದೆ ಒಂದು ನಂಬರಿನ ಕೆಳಗೆ ಮಲಗಿದಾನೆ."

"ಇದನ್ನ ಸರ್ಕಾರವಾಗಿ ಕೇಳ್ತಿದೀರೋ, ಸೋದರಮಾವನಾಗೋ?"

"ಸರ್ಕಾರ ಕೇಳಲ್ಲ ಅಕ್ಕಾ. ಕೇಳಿದ್ರೆ ಹುಡುಗ್ರು ದೇಶ ಬಿಟ್ಟು ಹೋಗ್ತಿದಾರೆ ಅಂತ ಒಪ್ಕೊಂಡಂಗೆ."

ನಾನು ಮೇಜಿನ ಕೆಳಗೆ ಜೋರ್ಜಿನಾರ ಕಾಲು ತುಳಿದೆ. ಹುಡುಗನನ್ನು ಹುಡುಕಿಕೊಡುತ್ತೇವೆ, ಮೀನುಗಾರರನ್ನು ಬಿಡಿ ಎನ್ನಲು ಇಂಥ ಗಳಿಗೆ ಮತ್ತೆ ಸಿಕ್ಕುವುದಿಲ್ಲ.

"ಹುಡುಕಿಸ್ತೀನಿ," ಎಂದರು ಅವರು. "ದೋಣಿಗೂ ಇದಕ್ಕೂ ಸಂಬಂಧ ಇಲ್ಲ. ನನ್ನ ಕಾಲು ಬಿಡೋ ಸಾಲ್ವು."

ಈ ಕರಡು ಓದಿ, ಈಗ ನಿವೃತ್ತರಾಗಿರುವ ಜೋರ್ಜಿನಾ ಫೋನ್ ಮಾಡಿದರು. "ನನ್ನ ಕಣ್ಣಲ್ಲಿ ನೀರು ತರಿಸಿದೀಯಲ್ಲೋ! ನಾನೆಲ್ಲಿ ಅತ್ತೆ? ತೆಗಿ ಅದನ್ನ." ತೆಗೆದಿದ್ದೇನೆ. (ಅತ್ತಿದ್ದರು.)

ಯಾಸೀನನ ತಾಯಿ ಮಬ್ರೂಕಾ ನಮ್ಮ ಕಚೇರಿಗೆ ಬಂದು, ಡಿಎನ್‌ಎ ಪರೀಕ್ಷೆಗೆಂದು ಬೆರಳು ಚುಚ್ಚಿಸಿಕೊಂಡು ರಕ್ತ ಕೊಟ್ಟರು. ಮಾಲ್ಟಾದ ಒಂದು ನಂಬರಿನ ಗೋರಿಯೊಂದಿಗೆ ಹೋಲಿಕೆ ಸಿಕ್ಕಿತು. ಅವರ ವೀಸಾಕ್ಕೆ ನಾನೇ ಮುದ್ರೆ ಒತ್ತಿದೆ. ಮಗ ಯಾವುದಿಲ್ಲದೆ ಹೊರಟಿದ್ದನೋ ಅದೇ ಮುದ್ರೆ.

ಅದೇ ವಾರ ದೋಣಿ ಬಿಡುಗಡೆಯಾಯಿತು. ಯಾಕೆ? ಅಂತ್ಯ ಒಂದು: ಹೆದಿ ಋಣ ತೀರಿಸಿದರು. ಅಂತ್ಯ ಎರಡು: ವ್ಯಾಲೆಟ್ಟಾ ವೋಟಿನ ಮಾತು ಕೊಟ್ಟಿತು. ಹೆದಿಯನ್ನೇ ಕೇಳಿದೆ. "ಸಂಬಂಧ ಇಲ್ಲ ಅಂತ ನಿಮ್ಮಕ್ಕ ಹೇಳಿದ್ರಲ್ಲ," ಎಂದು ನಕ್ಕರು. ನಿಮಗೆ ಬೇಕಾದುದನ್ನು ಆರಿಸಿಕೊಳ್ಳಿ. ನನಗೆ ಎರಡರ ಮೇಲೂ ನಂಬಿಕೆಯಿಲ್ಲ.

ಮಾಲ್ಟಾದ ಸ್ಮಶಾನದಲ್ಲಿ ಬಿಸಿಲು ಜೇನಿನಂತೆ ಹರಡಿತ್ತು. ದೇಹವನ್ನು ಊರಿಗೆ ಕಳಿಸುವ ಏರ್ಪಾಡು ಮಾಡಿಟ್ಟಿದ್ದೆವು. ಮಬ್ರೂಕಾ ಮಣ್ಣು ಮುಟ್ಟಿ ಬಹಳ ಹೊತ್ತು ಕೂತರು. ಆಮೇಲೆ ತಲೆಯಾಡಿಸಿದರು.

"ಬೇಡಮ್ಮಾ. ಅಷ್ಟು ಕಷ್ಟಪಟ್ಟು ಬಂದಿದಾನೆ. ವಾಪಸ್ ಕಳಿಸ್ಬೇಡಿ."

ಜೋರ್ಜಿನಾ ಪಕ್ಕದಲ್ಲೇ ನೆಲದ ಮೇಲೆ ಕೂತರು. ಯಾಸೀನ್ ಮಗುವಿದ್ದಾಗ ಹೇಗಿದ್ದ ಎಂದು ನಮ್ಮ ಭಾಷೆಯಲ್ಲಿ ಕೇಳಿದರು. ಮಬ್ರೂಕಾ ತಮ್ಮ ಭಾಷೆಯಲ್ಲಿ ಹೇಳತೊಡಗಿದರು. ಕಥೆಗೆ ಇಲ್ಲಿ ಪೂರ್ಣವಿರಾಮ ಬೇಕು, ಗೊತ್ತು. ಆದರೆ ಹುಡುಗ ಈಗಷ್ಟೇ ನಡೆಯಲು ಕಲಿಯುತ್ತಿದ್ದಾನೆ, ಬಾಗಿಲು ಹಿಡಿದು ನಿಂತಿದ್ದಾನೆ, ತಾಯಿ ಹೇಳುತ್ತಿರುವಾಗ ಮಧ್ಯೆ ಬಾಯಿ ಹಾಕಲು ನನಗೆ ಧೈರ್ಯವಿಲ್ಲ