ಮೇಷ್ಟ್ರು ಇಳಿದ ಮೇಲೆ

ಒಂದು ದೊಡ್ಡ ಬಯಲಿತ್ತಂತೆ. ಅಲ್ಲೊಬ್ಬ ಗುರು ಮನುಷ್ಯರಿಗೆ ಹಾರುವ ವಿದ್ಯೆ ಕಲಿಸುತ್ತಿದ್ದನಂತೆ. ಅವನಿಗೊಬ್ಬಳು ಗಿಡ್ಡ ಶಿಷ್ಯೆ. ಅಜ್ಜಿ ಹೇಳಿದ್ದರೆ ಕತೆ ಹೀಗೆ ಶುರುವಾಗುತ್ತಿತ್ತು. ಆದರೆ ಇದು ಹೋದ ತಿಂಗಳ ಮಾತು. ಆ ಶಿಷ್ಯೆ ನನ್ನ ಅಕ್ಕ, ಮನೆಯಲ್ಲಿ ಎಲ್ಲರ ಬಾಯಲ್ಲೂ ಗಿಡ್ಡಿ.

ತರಬೇತಿಯ ಪುಟ್ಟ ವಿಮಾನದಲ್ಲಿ ಎರಡೇ ಸೀಟು. ಎದುರಿಗೆ ಹಿಡಿದು ನಡೆಸುವ ಕೋಲು; ತನ್ನ ಕಡೆ ಎಳೆದರೆ ವಿಮಾನದ ಮೂತಿ ಮೇಲೇಳುತ್ತದೆ. ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಕೆಳಗಿನ ಗೂಟ ಹಳಿಯ ತೂತಿನೊಳಗೆ ಕೂತರೆ ಮಾತ್ರ ಅಲುಗದೆ ನಿಲ್ಲುತ್ತದೆ. ಅಕ್ಕನ ಕಾಲು ಪೆಡಲಿಗೆ ಎಟುಕಬೇಕಾದರೆ ಸೀಟು ಪೂರ್ತಿ ಮುಂದೆ ಬರಬೇಕು. ಅವಳು ಕೂತೊಡನೆ ಪಕ್ಕದ ಮೇಷ್ಟ್ರು ಏನೂ ಹೇಳದೆ ಕೈಚಾಚಿ ಅವಳ ಸೀಟನ್ನು ಎರಡು ಸಲ ಗಡಗಡ ಅಲ್ಲಾಡಿಸುತ್ತಿದ್ದರು.

"ತೊಟ್ಟಿಲು ತೂಗ್ತಿದ್ದೀರಾ ಮೇಷ್ಟ್ರೇ?"

"ನಿದ್ದೆ ಮಾಡ್ಬಿಟ್ಟೀಯ, ಮುಂದೆ ನೋಡು."

ಅವಳು ಒಬ್ಬಳೇ ಹಾರಬೇಕಾದ ದಿನ ಅಜ್ಜಿಯೂ ನಾನೂ ಬೇಲಿಯ ಪಕ್ಕ ನಿಂತಿದ್ದೆವು. ಇಬ್ಬರೂ ಕೂಡಿ ಮೂರು ಸುತ್ತು ಹಾರಿ ಬಂದ ಮೇಲೆ ಮೇಷ್ಟ್ರು ಇಳಿದರು. ಇಂಜಿನ್ ಓಡುತ್ತಲೇ ಇತ್ತು. "ಒಂದೇ ಸುತ್ತು, ಹೋಗ್ಬಾ" ಅಂದು ಬಾಗಿಲು ತಳ್ಳಿದರು. ಅದು ಸರಿಯಾಗಿ ಕೂರಲಿಲ್ಲ. ಅಕ್ಕ ಸೀಟನ್ನು ಹಿಂದೆ ಸರಿಸಿ, ಆ ಬದಿಗೆ ಬಾಗಿ ಬಾಗಿಲು ಹಾಕಿಕೊಂಡು, ಮತ್ತೆ ಮುಂದಕ್ಕೆ ಎಳೆದುಕೊಂಡಳು.

ವಿಮಾನ ಓಡಿತು, ನೆಲ ಬಿಟ್ಟಿತು. ಮೂತಿ ಮೇಲೆದ್ದಿತು, ಇನ್ನೂ ಎದ್ದಿತು, ಬಾನಿಗೆ ಏಣಿ ಹಾಕಿದ ಹಾಗೆ ನೆಟ್ಟಗೆ ನಿಂತಿತು. ಅಜ್ಜಿ ಅದೂ ಒಂದು ಆಟವೆಂದುಕೊಂಡು ಚಪ್ಪಾಳೆ ತಟ್ಟಿದಳು. ಒಂದು ರೆಕ್ಕೆ ವಾಲಿತು. ಆಮೇಲೆ ಹುಲ್ಲಿನ ಆಚೆಯಿಂದ ಧೂಳು.

ಅಕ್ಕ ಉಳಿದಳು. ಬೆನ್ನುಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳೇ ಮೇಷ್ಟ್ರನ್ನು ಕೇಳಿದ್ದು ಒಂದೇ: "ಕೋಲನ್ನ ನಾನ್ಯಾಕೆ ಹಾಗೆ ಎಳೆದೆ?"

"ಯಾಕೆ ಅಂತ ತಿಳ್ಕೊಂಡು ಬಂದು ಹೇಳ್ತೀನಮ್ಮ. ನಾನೇ ಹೇಳ್ತೀನಿ" ಎಂದು ಮೇಷ್ಟ್ರು ಅವಳ ಕೈಮುಟ್ಟಿ ಮಾತು ಕೊಟ್ಟರು.

ಆಮೇಲೆ ದಿನಾ ಬಂದರು. ಸ್ಟೂಲಿನ ತುದಿಯಲ್ಲಿ ಕೂತು, ಇವತ್ತು ಗಾಳಿ ಜೋರು, ಮೋಡ ತಗ್ಗು ಎಂದು ಹೇಳಿ ಎದ್ದು ಹೋಗುತ್ತಿದ್ದರು. ಅಕ್ಕ ತನ್ನ ಕೈಗಳನ್ನು ಪರರ ಕೈ ಎಂಬಂತೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಹೆದರಿರಬೇಕು ಕಣೇ. ಇಂಥ ಕೈಗೆ ವಿಮಾನ ಕೊಡಬಾರದು" ಅಂದಳು ನನಗೆ.

ಅಜ್ಜಿಗೆ ತಡೆಯಲಾಗಲಿಲ್ಲ. "ಗಾಳಿ ಮಳೆ ವಿಚಾರ ಹೇಳೋಕೆ ರೇಡಿಯೋ ಇದೆ ಮೇಷ್ಟ್ರೇ. ನೀವು ಬಂದ ಕೆಲಸ ಏನು, ಅದನ್ನ ಹೇಳಿ." ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟರು.

ಹದಿನಾಲ್ಕನೆಯ ದಿನ ವಿಚಾರಣೆಯ ಅಧಿಕಾರಿ ಬಂದರು. ಅಕ್ಕ ಹೇಳಿದ್ದನ್ನೇ ಟೈಪು ಮಾಡಿ ತಂದಿದ್ದರು: 'ಗಾಬರಿಯಿಂದ ನಾನೇ ಎಳೆದೆ, ತಪ್ಪು ನನ್ನದು.' ಸಹಿ ಹಾಕಿದರೆ ಅವಳ ಹಾರಾಟ ಅಲ್ಲಿಗೆ ಮುಗಿಯಿತು. ಮುಗಿಯಲಿ ಎಂದೇ ಅವಳು ಪೆನ್ನು ಹಿಡಿದಿದ್ದಳು. ಮೇಷ್ಟ್ರು ಬಾಗಿಲ ಬಳಿ ನಿಂತಿದ್ದರು.

"ಹಾಕಬೇಡ" ಅಂದರು.

ಎಲ್ಲರೂ ತಿರುಗಿದೆವು.

"ನೀನು ಎಳೀಲಿಲ್ಲ. ನಿನ್ನ ಸೀಟು ಹಿಂದಕ್ಕೆ ಜಾರಿತು. ಹಿಡಿದ ಕೋಲು ನಿನ್ನ ಜೊತೆ ಬಂತು. ಗೂಟ ತೂತಲ್ಲಿ ಕೂತಿರಲಿಲ್ಲ. ಬಿದ್ದ ವಿಮಾನ ಬಿಚ್ಚಿ ನೋಡಿದ ಮೆಕ್ಯಾನಿಕ್ ಹತ್ತು ದಿನದ ಹಿಂದೆನೇ ನನಗೆ ತೋರಿಸಿದ."

"ನಾನು ನೋಡ್ಕೋಬೇಕಿತ್ತಲ್ಲ?" ಅಂದಳು ಅಕ್ಕ.

"ನೋಡ್ಕೋ ಅಂತ ನಾನು ಯಾವತ್ತು ಹೇಳಿಕೊಟ್ಟೆ? ಹದಿನೆಂಟು ಗಂಟೆ ಹಾರಿದ್ವಿ. ನೀನು ಕೂತ ಪ್ರತಿ ಸಲಾನೂ ಸೀಟನ್ನ ನಾನೇ ಅಲ್ಲಾಡಿಸಿ ನೋಡ್ದೆ. ಯಾಕೆ ಅಂತ ಬಾಯಿ ಬಿಡಲಿಲ್ಲ. ನಾನು ಇಳಿದಾಗ ಆ ಕೈಯೂ ಇಳೀತು."

ಅಧಿಕಾರಿ ಮೆಲ್ಲಗೆ ಹೇಳಿದರು: "ಇದು ಕಾಗದಕ್ಕೆ ಬಂದ್ರೆ ನೀವು ಮತ್ತೆ ಕಲಿಸೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು. ಅದಕ್ಕೇ ಹತ್ತು ದಿನ ಬೇಕಾಯ್ತು."

ಅಜ್ಜಿ ಎದ್ದು ಸ್ಟೂಲನ್ನು ಅವರ ಕಡೆ ಸರಿಸಿದಳು. ಮೇಷ್ಟ್ರು ಮಂಚದ ಅಂಚಿನ ಮೇಲೆ ಹಾಳೆಯಿಟ್ಟು, ಈಗ ಹೇಳಿದ್ದಷ್ಟನ್ನೂ ಬರೆದರು. ಕೆಳಗೆ ಸಹಿ ಹಾಕಿದರು. ಅಧಿಕಾರಿಗೆ ಕೊಡುವ ಮೊದಲು ಅದನ್ನು ಅಕ್ಕನ ಕಣ್ಣೆದುರು ಹಿಡಿದು, ಅವಳು ಕೊನೆಯ ಸಾಲು ಮುಟ್ಟುವವರೆಗೂ ಹಿಡಿದೇ ಇದ್ದರು.