ಮೂರನೆಯ ದಿನದ ಮಾತು

ಶಾಲೆಯಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವಳು ನಲವತ್ತರ ಹೊಸ್ತಿಲಲ್ಲಿ ಕೆಲಸ ಬಿಟ್ಟು, ರಾಜಕೀಯ ಮತ್ತು ಅಂತರರಾಷ್ಟ್ರೀಯ ಅಧ್ಯಯನ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಯಾರಿಗೂ ಅದೇನೆಂದು ಸರಿಯಾಗಿ ಅರ್ಥವೂ ಆಗಲಿಲ್ಲ. ಬೀದಿಯವರು ಅವಳನ್ನು ಮೊದಲಿನಂತೆ ಟೀಚರ್ ಎಂದೇ ಕರೆಯುತ್ತಿದ್ದರು. ಅತ್ತೆ ಮಾತ್ರ ನೆಂಟರು ಬಂದಾಗಲೆಲ್ಲ ಸೊಸೆ ಡಾಕ್ಟರಾಗುತ್ತಿದ್ದಾಳೆ ಎನ್ನುವರು. ಜ್ವರಕ್ಕೆ ಮಾತ್ರೆ ಬರೆಯುವ ಡಾಕ್ಟರಲ್ಲ, ದೇಶದೇಶಗಳ ಜಗಳಕ್ಕೆ ಮದ್ದು ಹುಡುಕುವ ಡಾಕ್ಟರು ಎಂದು ಬಿಡಿಸಿ ಹೇಳುವರು.

ಟೀಚರ್ ಹಿಡಿದುಕೊಂಡ ವಿಷಯ ಒಂದು ನದಿಯದು. ನದಿ ಹುಟ್ಟುವುದು ನೆರೆಯ ದೇಶದಲ್ಲಿ, ಹರಿದು ಬರುವುದು ಇವರ ದೇಶಕ್ಕೆ. ಅವಳು ಚಿಕ್ಕವಳಿದ್ದಾಗ ಬೇಸಿಗೆಯ ನೀರಿಗಾಗಿ ಎರಡು ದೇಶಗಳೂ ಗಡಿಯ ಸೇತುವೆಯ ಆಚೆ ಈಚೆ ಸೈನ್ಯ ತಂದು ನಿಲ್ಲಿಸಿದ್ದವು. ಕಡೆಯ ಪ್ರಯತ್ನವೆಂದು ಒಂದು ಹೋಟೆಲಿನಲ್ಲಿ ಮಾತುಕತೆ ನಡೆಯಿತು. ಎರಡನೆಯ ದಿನ ಎರಡೂ ಕಡೆಯವರು ಪೆಟ್ಟಿಗೆ ಕಟ್ಟಿಕೊಂಡಿದ್ದರು. ಮೂರನೆಯ ದಿನ ಒಪ್ಪಂದಕ್ಕೆ ಸಹಿ ಬಿತ್ತು. ನಡುವೆ ಏನಾಯಿತೆಂದು ಯಾವ ಕಡತದಲ್ಲೂ ಇಲ್ಲ. ಅದನ್ನು ಹುಡುಕುವುದೇ ಅವಳ ಸಂಶೋಧನೆ.

ಆ ಕೋಣೆಯಲ್ಲಿ ಕೂತಿದ್ದವರಲ್ಲಿ ಇವರ ಕಡೆ ಬದುಕಿ ಉಳಿದವರು ಒಬ್ಬರೇ, ಒಬ್ಬ ನಿವೃತ್ತ ರಾಯಭಾರಿ. ಅವರು ಸಂದರ್ಶನಕ್ಕೆ ಒಪ್ಪುವ ಹೊತ್ತಿಗೆ ಅವಳ ಚಪ್ಪಲಿ ಸವೆದಿತ್ತು. ಒಪ್ಪಿದ ಮೇಲೆ ಮಾತ್ರ ಮುದುಕರು ಮಾತಿಗೆ ಜಿಪುಣತನ ಮಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋಟೆಲಿನ ಮೊಗಸಾಲೆಯ ಕಿಟಕಿಯ ಬಳಿ ತಾವೊಬ್ಬರೇ ನಿಂತಿದ್ದರಂತೆ. ಆಚೆ ದೇಶದ ಅಧಿಕಾರಿಯೊಬ್ಬರು ಪಕ್ಕಕ್ಕೆ ಬಂದು, ಹೊರಗೆ ನೋಡುತ್ತಲೇ ಮೆಲ್ಲಗೆ ಹೇಳಿದರಂತೆ: ಮೂರರಲ್ಲಿ ಒಂದು ಪಾಲು ಕೇಳಿ, ನಮ್ಮವರು ಕೊಡುತ್ತಾರೆ, ಹೆಚ್ಚು ಕೇಳಿದರೆ ಎದ್ದು ಹೋಗುತ್ತಾರೆ. ಇವರು ಅಷ್ಟೇ ಕೇಳಿದರು. ಸೈನ್ಯ ಹಿಂದಕ್ಕೆ ಹೋಯಿತು.

ಟೀಚರ್ ಮನೆಗೆ ಬಂದವಳು ಗಾಳಿಯಲ್ಲಿ ತೇಲುತ್ತಿದ್ದಳು. ಅದನ್ನಿಟ್ಟುಕೊಂಡು ನಾಲ್ಕನೆಯ ಅಧ್ಯಾಯ ಬರೆದಳು. ಅಳೆದು ತೂಗಿ ಮಾತಾಡುವ ಅವಳ ಗೈಡ್ ಕೂಡ ಓದಿ ಮುಗಿಸಿ ಕನ್ನಡಕ ತೆಗೆದು, ಇನ್ನು ನಿಮ್ಮ ಥೀಸಿಸ್ ದಡ ಸೇರಿತು ಎಂದರು.

ದಡ ಕಣ್ಣಿಗೆ ಕಾಣುತ್ತಿರುವಾಗ ರಾಯಭಾರಿಗಳ ಫೋನ್ ಬಂತು. ಹೇಳಿದ್ದನ್ನು ಬರೆಯಬಾರದು ಎಂದರು. ಅವಳು ಮಾರನೆಯ ದಿನವೇ ಅವರ ಮನೆಗೆ ಹೋದಳು. ಮೇಜಿನ ಮೇಲೆ ಪತ್ರಿಕೆಗಳ ರಾಶಿಯಿತ್ತು. ನೆರೆಯ ದೇಶದಲ್ಲಿ ಚುನಾವಣೆ ಹತ್ತಿರ ಬಂದು, ಹಳೆಯ ಒಪ್ಪಂದ ಮತ್ತೆ ಬಾಯಿಗೆ ಬಿದ್ದಿತ್ತು. ನಮ್ಮ ನದಿಯನ್ನು ಮಾರಿದವರಾರು ಎಂದು ಅಲ್ಲಿಯ ಪತ್ರಿಕೆಗಳು ಕೇಳುತ್ತಿದ್ದವು.

“ಕಿಟಕಿ ಹತ್ರ ಬಂದವನು ಇನ್ನೂ ಬದುಕಿದ್ದಾನಮ್ಮ,” ಎಂದರು ರಾಯಭಾರಿ. “ಮಗಳ ಮನೇಲಿದ್ದಾನೆ. ನಾನು ವಯಸ್ಸಾದ ಜಂಬಕ್ಕೆ ಬಾಯಿ ಬಿಟ್ಟೆ. ಹೊರಗೆ ಬಂದ್ರೆ ಅವನನ್ನ ದ್ರೋಹಿ ಅಂತಾರೆ. ಅವನ ಮೊಮ್ಮಕ್ಕಳೂ ಆ ಹೆಸರು ಹೊತ್ಕೊಂಡು ತಿರುಗ್ಬೇಕು.”

ಅವಳು ಹೆಸರು ಬರೆದಿಲ್ಲವಲ್ಲ ಎಂದಳು. ಆ ಕಡೆಯಿಂದ ಬಂದಿದ್ದವರೇ ಬೆರಳೆಣಿಕೆಯಷ್ಟು ಜನ, ಹುಡುಕುವವರಿಗೆ ಹೆಸರು ಬೇಕಿಲ್ಲ ಎಂದರು ಅವರು. ಅದು ಅವಳಿಗೂ ಗೊತ್ತಿತ್ತು.

ಗೈಡ್ ಸಿಟ್ಟಾದರು. ಸಂದರ್ಶನದ ಒಪ್ಪಿಗೆ ಪತ್ರಕ್ಕೆ ರಾಯಭಾರಿಗಳ ಸಹಿಯಾಗಿದೆ, ಹಿಂತೆಗೆದುಕೊಳ್ಳುವ ಅವಧಿಯೂ ದಾಟಿದೆ, ನಿಯಮ ನಿಮ್ಮ ಪರವಾಗಿದೆ ಎಂದರು. ಆ ಅಧ್ಯಾಯ ತೆಗೆದರೆ ಉಳಿಯುವುದು ಕಂಬವಿಲ್ಲದ ಚಪ್ಪರ ಎಂದರು. ಒಂದೊಂದು ಮಾತೂ ನಿಜವಾಗಿತ್ತು.

ಮನೆಯಲ್ಲಿ ಅವಳು ಗುಟ್ಟು ಬಿಡದೆ ಕಷ್ಟವನ್ನಷ್ಟೇ ಹೇಳಿಕೊಂಡಳು. ಲಿಫ್ಟ್ ರಿಪೇರಿ ಮಾಡುವ ಗಂಡ, ನಿನ್ನ ಥೀಸಿಸ್ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದೆ, ಮೇಲಕ್ಕೋ ಕೆಳಕ್ಕೋ ನೀನೇ ಹೇಳಬೇಕು ಎಂದ. ಅತ್ತೆ ತರಕಾರಿ ಹೆಚ್ಚುತ್ತಿದ್ದವರು ತಲೆ ಎತ್ತದೆಯೇ, “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅವರದಂತೂ ಹೋಯ್ತು. ನಿಂದಿನ್ನೂ ಬಾಯಲ್ಲೇ ಇದೆಯಲ್ಲ,” ಎಂದರು.

ಕೆಲವು ದಿನ ಅವಳು ಏನೂ ಮಾಡಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಕೂತು, ಎದುರಿನ ಗೋಡೆ ನೋಡಿ, ಎದ್ದು ಬರುತ್ತಿದ್ದಳು. ಒಮ್ಮೆ ಆ ಅಧ್ಯಾಯವನ್ನು ಮೊದಲಿಂದ ಕಡೆಯವರೆಗೆ ಓದಿಕೊಂಡಳು. ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ತಾನು ಹಿಂದೆಂದೂ ಬರೆದಿರಲಿಲ್ಲ ಅನ್ನಿಸಿತು. ಮಗಳ ಮನೆಯಲ್ಲಿ ಕೂತ ಆ ಮುದುಕರ ಮುಖ ಅವಳು ಕಂಡಿರಲಿಲ್ಲ. ಆದರೂ ಪುಟ ತಿರುಗಿಸಿದಂತೆಲ್ಲ ಯಾರೋ ಕಿಟಕಿಯ ಹೊರಗೆ ನೋಡುತ್ತ ಪಕ್ಕದಲ್ಲಿ ನಿಂತಂತಾಗುತ್ತಿತ್ತು. ಅವಳು ಅಧ್ಯಾಯ ತೆಗೆದಳು.

ಬೆಳಗಿನ ಹೊತ್ತು ಹಳೆಯ ಶಾಲೆಯಲ್ಲೇ ಮತ್ತೆ ಪಾಠ ಹೇಳುತ್ತ, ಮಧ್ಯಾಹ್ನ ಹೊಸ ಅಧ್ಯಾಯ ಬರೆಯತೊಡಗಿದಳು. ಒಪ್ಪಂದ ಹೇಗೆ ಹುಟ್ಟಿತು ಎಂಬುದನ್ನು ಬಿಟ್ಟು ಹೇಗೆ ಬದುಕಿತು ಎಂಬುದನ್ನು ಹಿಡಿದಳು. ಎರಡು ದೇಶಗಳು ಒಂದರ ಮುಖ ಇನ್ನೊಂದು ನೋಡದ ವರ್ಷಗಳಲ್ಲೂ ಎರಡೂ ಕಡೆಯ ಎಂಜಿನಿಯರುಗಳು ತಿಂಗಳಿಗೊಮ್ಮೆ ಸೇತುವೆಯ ಮೇಲೆ ಸೇರಿ ನೀರು ಅಳೆದು, ಕೈಕುಲುಕಿ ಹೋಗಿದ್ದರು. ಕೆಲಸ ಆಮೆಯಂತೆ ಸಾಗಿತು. ಜೊತೆಗೆ ಸೇರಿದವರೆಲ್ಲ ಡಾಕ್ಟರಾಗಿ ಹೊರಟುಹೋದರು. ನೆಂಟರು ಕೇಳಿದರೆ ಅತ್ತೆ, ದೊಡ್ಡ ಜಗಳ ನೋಡಿ, ಮದ್ದು ನಿಧಾನ ಎನ್ನುತ್ತಿದ್ದರು.

ವೈವಾ ಎಂಬ ಮೌಖಿಕ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕಿ ಹೊಸ ಅಧ್ಯಾಯವನ್ನು ಮೆಚ್ಚಿಕೊಂಡು, ಆಮೇಲೆ ಪುಟಗಳನ್ನು ಹಿಂದಕ್ಕೆ ಮಗುಚಿದರು. ಎರಡನೆಯ ದಿನ ಎದ್ದು ಹೊರಟವರು ಮೂರನೆಯ ದಿನ ಯಾಕೆ ಸಹಿ ಹಾಕಿದರು ಎಂದು ಕೇಳಿದರು. ಪ್ರಬಂಧದಲ್ಲಿ ಅದೇ ಇಲ್ಲವಲ್ಲ, ಗೊತ್ತಾಗಲಿಲ್ಲವೇ?

ಗೊತ್ತಾಗಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಟೀಚರ್ ನೀರು ಕುಡಿದು ಲೋಟ ಕೆಳಗಿಟ್ಟಳು.

“ಗೊತ್ತಾಯ್ತು ಮೇಡಂ. ಹೇಳಿದವರು ಬೇಡ ಅಂದ್ರು. ಬರೆದ್ರೆ ಬದುಕಿರೋ ಒಬ್ಬರಿಗೆ ಕೆಡುಕಾಗುತ್ತೆ. ಅದಕ್ಕೇ ತೆಗೆದೆ.”

ಇಷ್ಟು ದಿನ ಆ ವಿಷಯಕ್ಕೆ ಮುಖ ಗಂಟಿಕ್ಕಿಕೊಂಡೇ ಇದ್ದ ಗೈಡ್ ಕುರ್ಚಿ ಮುಂದಕ್ಕೆಳೆದುಕೊಂಡು, “ಆ ಅಧ್ಯಾಯ ನಾನು ಓದಿದ್ದೆ. ತುಂಬಾ ಚೆನ್ನಾಗಿತ್ತು,” ಎಂದರು.

ಪರೀಕ್ಷಕಿ ಪೆನ್ನು ಕೈಗೆತ್ತಿಕೊಂಡರು. ಹಾಗಾದರೆ, ಕಾರಣ ತಿಳಿದುಬಂದಿಲ್ಲ ಎಂದೊಂದು ಸಾಲು ಸೇರಿಸಿ, ಅಷ್ಟು ಸಾಕು ಎಂದರು. ಟೀಚರ್ ತಡವರಿಸುತ್ತ, ಅದು ಸುಳ್ಳಾಗುತ್ತದಲ್ಲ ಎಂದಳು. ಪರೀಕ್ಷಕಿಗೆ ನಗು ಬಂತು. ಕೊನೆಗೆ ಎಲ್ಲರೂ ಸೇರಿ ಒಂದು ಸಾಲು ಕೂಡಿಸಿದರು: ಒಪ್ಪಂದ ಹೇಗೆ ಕುದುರಿತೆಂಬುದು ಈ ಪ್ರಬಂಧದ ವ್ಯಾಪ್ತಿಯಲ್ಲಿಲ್ಲ. ಅದು ಸುಳ್ಳಲ್ಲ, ಯಾರ ಕಡೆಗೂ ಬೆರಳು ತೋರಿಸುವುದೂ ಇಲ್ಲ. ಪದವಿ ಸಿಕ್ಕಿತು.

ಸುದ್ದಿ ಹೇಳಲು ರಾಯಭಾರಿಗಳ ಮನೆಗೆ ಹೋದಾಗ ಅವರು ಯಾರೊಡನೆಯೋ ಫೋನಿನಲ್ಲಿದ್ದರು. ಅವಳನ್ನು ಕಂಡು ಒಂದು ಕ್ಷಣ ತಡೆದರು. ನಂತರ, ಇಲ್ಲೊಬ್ಬ ಡಾಕ್ಟರಮ್ಮ ಬಂದಿದ್ದಾರೆ, ಮಾತಾಡು ಎಂದು ಫೋನನ್ನು ಅವಳ ಕೈಗಿತ್ತರು. ಆ ಕಡೆಯಿಂದ ಮುದಿ ದನಿಯೊಂದು ನಿಧಾನವಾಗಿ ಅವಳ ಆರೋಗ್ಯ, ಮಕ್ಕಳುಮರಿ ಎಲ್ಲ ವಿಚಾರಿಸಿತು. ಈ ವರ್ಷ ನಮ್ಮಲ್ಲಿ ನೀರು ಚೆನ್ನಾಗಿದೆ, ನಿಮಗೂ ಕೊರತೆಯಾಗದು ಎಂದಿತು. ಕಿಟಕಿಯ ಬಳಿ ಮೆಲ್ಲಗೆ ಮಾತಾಡಿದ ದನಿ ಇದೇ ಎಂದು ಅವಳಿಗೆ ಹೊಳೆಯಿತು. ಏನು ಓದಿದಿರಿ ಎಂದು ಕೇಳಿತು. ನದಿಯ ಒಪ್ಪಂದದ ಬಗ್ಗೆ ಎಂದಳು ಅವಳು.

“ಓಹೋ. ಏನಾದ್ರೂ ಸಿಕ್ಕಿತಾ?”

ರಾಯಭಾರಿ ಪತ್ರಿಕೆಯನ್ನು ಮಡಿಸುತ್ತ ನೆಲ ನೋಡುತ್ತಿದ್ದರು.

“ಅಷ್ಟಿಷ್ಟು ಸಿಕ್ತು ಸರ್,” ಎಂದಳು ಟೀಚರ್. “ಎಂಜಿನಿಯರುಗಳು ತುಂಬಾ ಒಳ್ಳೆ ಕೆಲಸ ಮಾಡಿದ್ದಾರೆ.”

ಹೌದು ಹೌದು, ಎಲ್ಲ ಅವರದೇ ಎಂದಿತು ಆ ದನಿ. ಆಮೇಲೆ ಮೊಮ್ಮಗಳಿಗೆ ಹಲ್ಲು ಬಿದ್ದ ಕತೆಯನ್ನು ಹೇಳತೊಡಗಿತು. ಟೀಚರ್ ಕುರ್ಚಿ ಎಳೆದುಕೊಂಡು ಕೂತು ಕೇಳಿಸಿಕೊಂಡಳು.